ಮನೆಯೆದುರಿನ ಗೋಡೆ: ಅರುಷಾ ಘೋಷಣೆಯ ಒಂದು ದೈವಶಾಸ್ತ್ರೀಯ ವಿಮರ್ಶೆ

ಆಫ್ರಿಕಾ ಖಂಡದ ಭವಿಷ್ಯದ ಹೊಣೆ ಯಾರದು ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ಗುಲಾಮರ ವ್ಯಾಪಾರ, ವಸಾಹತುಶಾಹಿ, ವಿದೇಶಿ ಸಾಲ ಮತ್ತು ಅಸಮಾನ ವಾಣಿಜ್ಯಗಳೇ ಅಲ್ಲಿನ ದಾರಿದ್ರ್ಯಕ್ಕೆ ಕಾರಣವೆಂಬುದು ಒಂದು. ನಾಯಕರ ಭ್ರಷ್ಟತೆ ಮತ್ತು ಜನರ ಆಲಸ್ಯವೇ ಕಾರಣವೆಂಬುದು ಇನ್ನೊಂದು. ಮೊದಲನೆಯದಕ್ಕೆ ಚರಿತ್ರೆಯ ಬಲವಾದ ಸಾಕ್ಷ್ಯವಿದೆ. ಎರಡನೆಯದರಲ್ಲಿಯೂ ಅನೇಕ ನಾಯಕರ ಮಟ್ಟಿಗೆ ಸತ್ಯಾಂಶವಿದೆ. ಆದರೆ ಎರಡಕ್ಕೂ ಸಮಾನವಾದ ಒಂದು ಅನುಕೂಲವುಂಟು: ಎರಡರಲ್ಲಿಯೂ ಉತ್ತರ ಹೇಳುವವನು ಹೊಣೆಯಿಂದ ಹೊರಗುಳಿಯುತ್ತಾನೆ. ಒಂದು ಇಡೀ ಖಂಡದ ಸಂಕಟದ ಎದುರು ನಿಂತು 'ಇದರಲ್ಲಿ ನನ್ನ ಪಾಲಿನದು ಇಷ್ಟು' ಎಂದು ಒಬ್ಬ ಮನುಷ್ಯನು ಹೇಳುವುದು ಸಾಧ್ಯವೆ? ಸಾಧ್ಯವಾದರೆ, ಆ ಮಾತನ್ನು ಆತನು ಇತರರಿಂದಲೂ ಹೇಳಿಸಬಹುದೆ? ನೈತಿಕ ದೈವಶಾಸ್ತ್ರವು ಎದುರಿಸಲೇಬೇಕಾದ ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಟಾಂಜಾನಿಯಾದ ಪ್ರಥಮ ರಾಷ್ಟ್ರಾಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರ ಲೇಖನಿಯಿಂದ ಬಂದ ಅರುಷಾ ಘೋಷಣೆಯನ್ನು ಈ ಲೇಖನದಲ್ಲಿ ಪರಿಶೀಲಿಸಲಿದ್ದೇವೆ. ಪರಿಶೀಲನೆಗೆ ಒರೆಗಲ್ಲಾಗಿ ಹಳೆಯ ಒಡಂಬಡಿಕೆಯ ನೆಹೆಮೀಯನ ಗ್ರಂಥವನ್ನು ಆರಿಸಿಕೊಂಡಿದ್ದೇವೆ. ಪಾಳುಬಿದ್ದ ನಾಡೊಂದನ್ನು ಮತ್ತೆ ಕಟ್ಟುವ ಹೊಣೆಯನ್ನು ಒಬ್ಬನು ತನ್ನ ಮೇಲೆ ಹೊತ್ತುಕೊಂಡ ಕಥನ ಅದು.

1. ಪಠ್ಯ ಮತ್ತು ಅದರ ಕಾಲ

ವಿಕ್ಟೋರಿಯಾ ಸರೋವರದ ಸಮೀಪದ ಬುಟಿಯಾಮದಲ್ಲಿ 1922ರಲ್ಲಿ ಜನಿಸಿದ ನ್ಯೆರೆರೆ ಜನಾಕಿ ಬುಡಕಟ್ಟಿನ ಮುಖ್ಯಸ್ಥರೊಬ್ಬರ ಮಗ. 1943ರಲ್ಲಿ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಪಡೆದರು. ಮಕೆರೆರೆ ಮತ್ತು ಎಡಿನ್‌ಬರೋಗಳಲ್ಲಿ ವ್ಯಾಸಂಗ ಮಾಡಿ, ಕಥೋಲಿಕ ಶಾಲೆಗಳಲ್ಲಿ ಅಧ್ಯಾಪಕರಾಗಿದ್ದರು. ಅವರ ಜನ ಕೊನೆಯವರೆಗೂ ಅವರನ್ನು ಕರೆದದ್ದು 'ಮ್ವಾಲಿಮು' ಎಂದೇ. ಸ್ವಾಹಿಲಿಯಲ್ಲಿ ಅದರ ಅರ್ಥ ಗುರು, ಮೇಷ್ಟರು. 1961ರ ಡಿಸೆಂಬರಿನಲ್ಲಿ ಟಾಂಗನೀಕಾ ಸ್ವತಂತ್ರವಾಯಿತು. 1964ರಲ್ಲಿ ಜಾಂಜಿಬಾರ್ ಅದರೊಡನೆ ಕೂಡಿಕೊಂಡು ಟಾಂಜಾನಿಯಾ ರೂಪುಗೊಂಡಿತು.

ಸ್ವಾತಂತ್ರ್ಯದ ಐದನೆಯ ವರ್ಷ, 1966ರ ಅಕ್ಟೋಬರಿನಲ್ಲಿ, ದಾರ್ ಎಸ್ ಸಲಾಮಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಡ್ಡಾಯ ರಾಷ್ಟ್ರಸೇವೆಯ ನಿಯಮಗಳನ್ನು ಪ್ರತಿಭಟಿಸಿ ಮೆರವಣಿಗೆ ನಡೆಸಿದರು. ಅಧಿಕಾರಿಗಳು ದೊಡ್ಡ ಸಂಬಳ ಪಡೆಯುತ್ತ ತಮಗೆ ಮಾತ್ರ ತ್ಯಾಗ ಬೋಧಿಸುತ್ತಾರೆಂಬುದೂ ಅವರ ದೂರಾಗಿತ್ತು. ಆ ದೂರಿನಲ್ಲಿ ಸತ್ಯವಿದೆಯೆಂದು ಒಪ್ಪಿಕೊಂಡ ನ್ಯೆರೆರೆ ತಮ್ಮ ಸಂಬಳವನ್ನು ಶೇಕಡಾ 20ರಷ್ಟು ಕಡಿತಗೊಳಿಸಿದರು. ಹಿರಿಯ ಅಧಿಕಾರಿಗಳ ಸಂಬಳವೂ ಇಳಿಯಿತು. ಆದರೆ ಪ್ರತಿಭಟಿಸಿದ ನೂರಾರು ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದವರೂ ಅವರೇ. ತನ್ನ ಮೇಲೆ ತಾನೇ ಕಟ್ಟಳೆ ವಿಧಿಸಿಕೊಳ್ಳುವ ಕೈ ಒಂದು, ಪ್ರಶ್ನಿಸಿದವರನ್ನು ಹೊರದೂಡುವ ಕೈ ಇನ್ನೊಂದು. ಮುಂದಿನ ಚರಿತ್ರೆಯುದ್ದಕ್ಕೂ ಈ ಎರಡು ಕೈಗಳನ್ನು ನಾವು ಕಾಣುತ್ತೇವೆ.

ಮರುವರ್ಷದ ಜನವರಿ ಅಂತ್ಯದಲ್ಲಿ ಆಳುವ ಪಕ್ಷವಾದ ಟಾನುವಿನ ಕಾರ್ಯಕಾರಿ ಸಮಿತಿಯು ಅರುಷಾ ಪಟ್ಟಣದಲ್ಲಿ ಸೇರಿ ಅಂಗೀಕರಿಸಿದ ಘೋಷಣೆಯು 1967ರ ಫೆಬ್ರವರಿ 5ರಂದು ಪ್ರಕಟವಾಯಿತು. ಸರಿಯಾಗಿ ಏಳು ವಾರಗಳ ಬಳಿಕ, ಮಾರ್ಚ್ 26ರಂದು, ಪೋಪ್ ಆರನೆಯ ಪೌಲರ ವಿಶ್ವಪತ್ರ 'ಪೊಪುಲೋರುಮ್ ಪ್ರೋಗ್ರೆಸ್ಸಿಯೊ' ಹೊರಬಂದಿತು. ಎರಡೂ ಬಡ ರಾಷ್ಟ್ರಗಳ ಏಳಿಗೆಯನ್ನು ಕುರಿತವು. ವಿಶ್ವಪತ್ರವು ಬಹುಮಟ್ಟಿಗೆ ಶ್ರೀಮಂತ ರಾಷ್ಟ್ರಗಳ ಆತ್ಮಸಾಕ್ಷಿಯನ್ನು ತಟ್ಟಿದರೆ, ಅರುಷಾ ಘೋಷಣೆ ಬಡ ರಾಷ್ಟ್ರವೊಂದು ತನಗೆ ತಾನೇ ಹೇಳಿಕೊಂಡ ಮಾತು. ಗುರುಮಠಗಳ ಪಠ್ಯಕ್ರಮದಲ್ಲಿ ಮೊದಲನೆಯದು ತಪ್ಪದೆ ಇರುತ್ತದೆ. ಎರಡನೆಯದನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕೆಂಬುದು ನಮ್ಮ ಅಭಿಪ್ರಾಯ.

2. ಪಠ್ಯದ ಸತ್ವ

ಘೋಷಣೆಯಲ್ಲಿ ಐದು ಭಾಗಗಳಿವೆ: ಪಕ್ಷದ ವಿಶ್ವಾಸ ಪ್ರಮಾಣ, ಸಮಾಜವಾದದ ನೀತಿ, ಸ್ವಾವಲಂಬನೆಯ ನೀತಿ, ಪಕ್ಷದ ಸದಸ್ಯತ್ವ ಮತ್ತು ಕೊನೆಯದಾಗಿ ನಿರ್ಣಯ. ಇವುಗಳಲ್ಲಿ ಮೂರನೆಯ ಭಾಗ ಅತ್ಯಂತ ಸಮೃದ್ಧವಾದುದು. ಹಣವನ್ನು ಅಭಿವೃದ್ಧಿಯ ಆಯುಧವೆಂದು ಭಾವಿಸಿದ್ದು ಭ್ರಮೆ, ಆ ಆಯುಧ ನಮ್ಮಲ್ಲಿಲ್ಲ, ಪರರಿಂದ ಎರವಲು ತಂದರೆ ಸ್ವಾತಂತ್ರ್ಯವೇ ಅಡವಾಗುತ್ತದೆ ಎಂಬುದು ಅದರ ವಾದ. ಏಳಿಗೆಗೆ ಬೇಕಾದುವು ನಾಲ್ಕು: ಜನ, ಭೂಮಿ, ಒಳ್ಳೆಯ ನೀತಿ, ಒಳ್ಳೆಯ ನಾಯಕತ್ವ.

ಇಷ್ಟು ಮಾತ್ರವಾಗಿದ್ದರೆ ಇದೂ ಹತ್ತರಲ್ಲಿ ಹನ್ನೊಂದನೆಯ ರಾಜಕೀಯ ಪ್ರಣಾಳಿಕೆಯಾಗುತ್ತಿತ್ತು. ಅದನ್ನು ಬೇರೆಯಾಗಿಸುವುದು ಅದರ ಲೆಕ್ಕಾಚಾರದ ಪ್ರಾಮಾಣಿಕತೆ. ವಿದೇಶಿ ಸಾಲದಿಂದ ನಗರದಲ್ಲಿ ಆಸ್ಪತ್ರೆ, ರಸ್ತೆ, ವಿದ್ಯುತ್ತು ಬರುತ್ತವೆ. ಆ ಸಾಲ ತೀರುವುದು ಹಳ್ಳಿಯ ರೈತ ಬೆಳೆದು ರಫ್ತು ಮಾಡಿದ ಫಸಲಿನಿಂದ. ಹಾಗಾದರೆ ಸುಖ ಒಬ್ಬರದು, ಸಾಲ ಇನ್ನೊಬ್ಬರದು. ಶೋಷಕನೆಂದರೆ ಬಂಡವಾಳಗಾರ ಮಾತ್ರವೇ ಎಂದು ನಂಬಿದ ಕಾಲದಲ್ಲಿ, ಎಚ್ಚರ ತಪ್ಪಿದರೆ ನಾಡಿನ ನಿಜವಾದ ಶೋಷಕರು ನಗರವಾಸಿಗಳಾದ ನಾವೇ ಆಗಬಹುದೆಂದು ಆಳುವ ಪಕ್ಷವೊಂದು ತನ್ನ ಅಧಿಕೃತ ದಾಖಲೆಯಲ್ಲಿ ಬರೆದುಕೊಂಡಿತು. ಇದು ಸಣ್ಣ ಮಾತಲ್ಲ. ಹಾಗೆಯೇ ಹಳ್ಳಿಯ ಹೆಂಗಸರು ಕೆಲವೊಮ್ಮೆ ದಿನಕ್ಕೆ 12ರಿಂದ 14 ಗಂಟೆ, ಭಾನುವಾರ ಹಬ್ಬಗಳಲ್ಲಿಯೂ ದುಡಿಯುತ್ತಾರೆ, ಗಂಡಸರೋ ಅರ್ಧ ಆಯುಷ್ಯ ರಜೆಯಲ್ಲಿರುತ್ತಾರೆ ಎಂದು ಅದು ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ. ಪರಕೀಯರ ಅನ್ಯಾಯವನ್ನು ಅದು ಮುಚ್ಚಿಡುವುದಿಲ್ಲ. ಆದರೆ ಆ ಅನ್ಯಾಯವನ್ನೇ ತನ್ನ ಅನ್ಯಾಯಕ್ಕೆ ಮರೆಯಾಗಿ ಬಳಸುವುದೂ ಇಲ್ಲ.

ಐದನೆಯ ಭಾಗದ ನಾಯಕ ಸಂಹಿತೆ ಈ ಪ್ರಾಮಾಣಿಕತೆಯ ಫಲ. ಪಕ್ಷ ಹಾಗೂ ಸರ್ಕಾರದ ನಾಯಕರು ಯಾವ ಕಂಪನಿಯಲ್ಲಿಯೂ ಷೇರು ಹೊಂದಿರಬಾರದು, ಖಾಸಗಿ ಉದ್ಯಮದ ನಿರ್ದೇಶಕರಾಗಿರಬಾರದು, ಎರಡು ಸಂಬಳ ಪಡೆಯಬಾರದು, ಬಾಡಿಗೆಗೆ ಕೊಡುವ ಮನೆ ಇಟ್ಟುಕೊಳ್ಳಬಾರದು. ನಾಯಕನೆಂದರೆ ಅವನ ಹೆಂಡತಿಯೂ, ನಾಯಕಿಯೆಂದರೆ ಅವಳ ಗಂಡನೂ ಸೇರಿದಂತೆ ಎಂಬ ವಿವರಣೆಯನ್ನೂ ಅದು ಕೊಡುತ್ತದೆ. ಆಸ್ತಿಯನ್ನು ಮನೆಯವರ ಹೆಸರಿಗೆ ಬರೆದಿಟ್ಟು ಕೈತೊಳೆದುಕೊಳ್ಳುವ ಉಪಾಯ ಆ ದೇಶಕ್ಕೂ ಗೊತ್ತಿತ್ತು.

ಇಲ್ಲಿ ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯ ತಾನಾಗಿ ನೆನಪಿಗೆ ಬರುತ್ತದೆ. ಗೋಡೆ ಏಳುತ್ತಿರುವಾಗಲೇ ಬಡವರ ಗೋಳು ಏಳುತ್ತದೆ: ಹೊಲ, ದ್ರಾಕ್ಷಾತೋಟ, ಮನೆಗಳನ್ನು ಅಡವಿಟ್ಟಿದ್ದೇವೆ, ಮಕ್ಕಳನ್ನು ಜೀತಕ್ಕೆ ಕೊಟ್ಟಿದ್ದೇವೆ, ಅದೂ ಪರಕೀಯರಿಗಲ್ಲ, ನಮ್ಮ ಸಹೋದರರಿಗೇ ಎಂದು. ನೆಹೆಮೀಯನು ಶ್ರೀಮಂತರನ್ನು ಖಂಡಿಸುತ್ತಾನೆ. ಆದರೆ ಖಂಡನೆಯ ನಡುವೆಯೇ ತಾನೂ ತನ್ನವರೂ ಹಣ, ಧಾನ್ಯಗಳನ್ನು ಸಾಲ ಕೊಟ್ಟಿರುವುದನ್ನು ಹೇಳಿ, ಈ ವಸೂಲಿಯನ್ನು ನಾವೆಲ್ಲರೂ ಬಿಟ್ಟುಬಿಡೋಣವೆನ್ನುತ್ತಾನೆ. ಜನರ ಮೇಲಿನ ಹೊರೆ ಭಾರವಾಗಿದ್ದುದರಿಂದ 12 ವರ್ಷ ಕಾಲ ರಾಜ್ಯಪಾಲನಿಗೆ ಸಲ್ಲಬೇಕಾದ ಊಟದ ಭತ್ಯವನ್ನು ಆತನು ಮುಟ್ಟಲಿಲ್ಲ. ಹೊಣೆಗಾರಿಕೆಯ ಮೊದಲ ವ್ಯಾಕರಣ ಇದು: ಅದು ಉತ್ತಮ ಪುರುಷದಲ್ಲಿ ಆರಂಭವಾಗಬೇಕು, ಮಾತನಾಡುವವನ ತಟ್ಟೆಯಿಂದ ಆರಂಭವಾಗಬೇಕು. ಈ ದೃಷ್ಟಿಯಲ್ಲಿ ಅರುಷಾ ಘೋಷಣೆ ಬೈಬಲಿನ ಒಳ್ಳೆಯ ಶಿಷ್ಯ.

3. ಪಠ್ಯದ ಬಿರುಕು

ಆದರೆ ಘೋಷಣೆಯಲ್ಲಿ 'ನಾವು' ಎಂದು ಮಾತನಾಡುವವರು ಯಾರು? ಪಕ್ಷ. ಮೊದಲ ಭಾಗದಲ್ಲಿ ವಿಶ್ವಾಸ ಪ್ರಮಾಣ ಮಾಡುವುದೂ ಪಕ್ಷವೇ. ಮನುಷ್ಯರೆಲ್ಲರೂ ಸಮಾನರು, ಪ್ರತಿಯೊಬ್ಬನಿಗೂ ಘನತೆಯಿದೆ ಎಂದು ಅದು ನಂಬುತ್ತದೆ. ಆದರೆ ಆ ಪ್ರತಿಯೊಬ್ಬನು ಪಠ್ಯದಲ್ಲಿ ದುಡಿಯುವವನಾಗಿ, ಸದಸ್ಯನಾಗಿ ಕಾಣಿಸಿಕೊಳ್ಳುವನೇ ಹೊರತು, ಪಕ್ಷಕ್ಕೆ 'ಇಲ್ಲ' ಎನ್ನಬಲ್ಲ ಮನಸ್ಸಾಕ್ಷಿಯುಳ್ಳವನಾಗಿ ಕಾಣಿಸಿಕೊಳ್ಳುವುದು ವಿರಳ. 1962ರಿಂದಲೇ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾಯಿದೆ ಆ ದೇಶದಲ್ಲಿತ್ತು. 1965ರಿಂದ ಏಕಪಕ್ಷ ವ್ಯವಸ್ಥೆ ಬಂದಿತ್ತು. ಎಲ್ಲರ ಪರವಾಗಿ ಪಕ್ಷವೇ 'ನಾವು' ಎಂದಾಗ ಒಬ್ಬೊಬ್ಬನ 'ನಾನು' ಎಲ್ಲಿ ನಿಲ್ಲಬೇಕು?

ಈ ಪ್ರಶ್ನೆಗೆ ಚರಿತ್ರೆ ಕೊಟ್ಟ ಉತ್ತರ ನೋವಿನದು. ದಕ್ಷಿಣ ಟಾಂಜಾನಿಯಾದ ರುವುಮಾ ಪ್ರದೇಶದಲ್ಲಿ 1960ರ ದಶಕದ ಆರಂಭದಲ್ಲಿಯೇ, ಲಿಟೊವಾ ಎಂಬಲ್ಲಿ ತರುಣ ರೈತರು ಒಟ್ಟಾಗಿ ಬೇಸಾಯ ಮಾಡುವ ಹಳ್ಳಿಯನ್ನು ತಾವೇ ಕಟ್ಟಿಕೊಂಡರು. ಯಾರ ಆಜ್ಞೆಯೂ ಇರಲಿಲ್ಲ. ನೋಡಿ ಕಲಿತು ಇತರ ಹಳ್ಳಿಗಳೂ ಸೇರಿಕೊಂಡು ರುವುಮಾ ಅಭಿವೃದ್ಧಿ ಸಂಘವಾಯಿತು. ತಮ್ಮದೇ ಶಾಲೆ, ತಮ್ಮದೇ ಹಿಟ್ಟಿನ ಗಿರಣಿ, ತಮ್ಮದೇ ತೀರ್ಮಾನಗಳು. ನ್ಯೆರೆರೆ ಸ್ವತಃ ಅವರನ್ನು ಮೆಚ್ಚಿದ್ದರು. 1967ರ ಸೆಪ್ಟೆಂಬರಿನಲ್ಲಿ ಗ್ರಾಮೀಣ ಅಭಿವೃದ್ಧಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಇಂಥ 'ಉಜಾಮಾ' ಹಳ್ಳಿಗಳು ಜನರ ಸ್ವ-ಇಚ್ಛೆಯಿಂದಲೇ ಹುಟ್ಟಬೇಕೆಂದು ಒತ್ತಿ ಹೇಳಿದ್ದರು. ಉಜಾಮಾ ಎಂದರೆ ಒಕ್ಕುಟುಂಬದ ಭಾವ. ಮನುಷ್ಯರನ್ನು ಬೇರೆಯವರು ಅಭಿವೃದ್ಧಿಪಡಿಸಲಾಗದು, ಅವರು ತಮ್ಮನ್ನು ತಾವೇ ಅಭಿವೃದ್ಧಿಪಡಿಸಿಕೊಳ್ಳಬೇಕೆಂಬುದು 1968ರ ಇನ್ನೊಂದು ಪ್ರಬಂಧದಲ್ಲಿ ಅವರದೇ ವಿಚಾರ. ಆದರೆ 1969ರಲ್ಲಿ ಪಕ್ಷದ ಕೇಂದ್ರ ಸಮಿತಿ ರುವುಮಾ ಸಂಘವನ್ನು ವಿಸರ್ಜಿಸಿತು. ಪಕ್ಷದ ಹತೋಟಿಗೆ ಒಳಪಡದೆ ಹಳ್ಳಿಗರು ತಾವೇ ಹೊಣೆ ಹೊತ್ತದ್ದು ಪಕ್ಷಕ್ಕೆ ಸಹನೆಯಾಗಲಿಲ್ಲ. ಘೋಷಣೆ ಬೋಧಿಸಿದ್ದನ್ನು ಯಾರು ನಿಜವಾಗಿ ಮಾಡಿದರೋ ಅವರನ್ನೇ ಘೋಷಣೆಯ ಪಕ್ಷ ಮುಚ್ಚಿಸಿತು.

ಮುಂದಿನ ಹೆಜ್ಜೆ ಊಹಿಸಬಹುದಾದದ್ದೇ. 1973ರ ನವೆಂಬರಿನಲ್ಲಿ, ಹಳ್ಳಿಗಳಲ್ಲಿ ಒಟ್ಟಾಗಿ ವಾಸಿಸುವುದು ಇನ್ನು ಆಜ್ಞೆಯೆಂದೂ 1976ರ ಅಂತ್ಯದೊಳಗೆ ಅದು ಮುಗಿಯಬೇಕೆಂದೂ ನ್ಯೆರೆರೆ ಸಾರಿದರು. ಲಕ್ಷಾಂತರ ಕುಟುಂಬಗಳನ್ನು ಸ್ಥಳಾಂತರಿಸಲಾಯಿತು. ಕೆಲವೆಡೆ, ಹಿಂದಿರುಗದಂತೆ ಹಳೆಯ ಗುಡಿಸಲುಗಳಿಗೆ ಬೆಂಕಿಯಿಟ್ಟದ್ದೂ ಉಂಟು. ಬರಗಾಲವೂ ಕೂಡಿಕೊಂಡು 1974-75ರಲ್ಲಿ ಸ್ವಾವಲಂಬನೆಯ ರಾಷ್ಟ್ರ ಹೊರಗಿನಿಂದ ಧಾನ್ಯ ತರಿಸಿಕೊಳ್ಳಬೇಕಾಯಿತು. ಶಾಲೆ, ಶುದ್ಧ ನೀರು, ಚಿಕಿತ್ಸಾಲಯಗಳು ಹಳ್ಳಿಗಳಿಗೆ ತಲಪಿದ್ದು, ವಯಸ್ಕರ ಸಾಕ್ಷರತೆ ಗಣನೀಯವಾಗಿ ಏರಿದ್ದು ನಿಜ. ಅದನ್ನು ಮರೆಮಾಚುವುದು ಅನ್ಯಾಯ. ಆದರೆ ಸ್ವ-ಇಚ್ಛೆಯ ಜಾಗದಲ್ಲಿ ಲಾರಿಗಳೂ ಪೊಲೀಸರೂ ಬಂದ ಮೇಲೆ ಹೊಣೆಗಾರಿಕೆ ಎಂಬ ಪದ ಅರ್ಥ ಕಳೆದುಕೊಂಡಿತು.

ನೆಹೆಮೀಯನ ಗ್ರಂಥವೂ ಇದೇ ದಾರಿಯಲ್ಲಿ ಸಾಗುವುದನ್ನು ನಾವು ಗಮನಿಸಬೇಕು. ಹನ್ನೊಂದನೆಯ ಅಧ್ಯಾಯದಲ್ಲಿ, ಬರಿದಾದ ಜೆರುಸಲೇಮಿನಲ್ಲಿ ನೆಲೆಸಲು ಹತ್ತರಲ್ಲಿ ಒಬ್ಬರನ್ನು ಚೀಟು ಹಾಕಿ ಆರಿಸಲಾಗುತ್ತದೆ. ಆದರೆ ಜನ ಹರಸಿದ್ದು ತಾವಾಗಿ ಮುಂದೆ ಬಂದವರನ್ನು. ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಊಟದ ಭತ್ಯ ಬಿಟ್ಟಿದ್ದ ಅದೇ ನಾಯಕನು, ತನ್ನ ಸುಧಾರಣೆಗೆ ಒಪ್ಪದವರನ್ನು ಶಪಿಸಿ, ಹೊಡೆದು, ಕೂದಲು ಕೀಳುತ್ತಾನೆ. ಪವಿತ್ರ ಗ್ರಂಥ ಇದನ್ನು ಮುಚ್ಚಿಡುವುದಿಲ್ಲ. ಸ್ವಂತ ತ್ಯಾಗ ಮಾಡಿದವನಿಗೆ ಒದಗುವ ವಿಶೇಷ ಶೋಧನೆ ಇದು: ನಾನು ಇಷ್ಟು ಬಿಟ್ಟುಕೊಟ್ಟಿದ್ದೇನೆ, ಆದ್ದರಿಂದ ಇತರರಿಂದ ಇಷ್ಟನ್ನು ಕಿತ್ತುಕೊಳ್ಳುವ ಹಕ್ಕು ನನಗಿದೆ. ಭ್ರಷ್ಟ ನಾಯಕನ ಪಾಪವನ್ನು ಗುರುತಿಸುವುದು ಸುಲಭ. ಪ್ರಾಮಾಣಿಕ ನಾಯಕನ ಈ ಪಾಪ ಸದ್ಗುಣದ ವೇಷದಲ್ಲಿ ಬರುತ್ತದೆ.

4. ಹೊಣೆಯನ್ನು ಹೊರಿಸಬಹುದೆ?

ಧರ್ಮಸಭೆಯ ಬೋಧನೆ ಇಲ್ಲಿ ನಮಗೆ ನೆರವಾಗುತ್ತದೆ. ಸಂತ ಎರಡನೆಯ ಜಾನ್ ಪೌಲರು 1984ರ 'ರೆಕೊನ್ಸಿಲಿಯಾಸಿಯೊ ಎತ್ ಪೆನಿತೆನ್ಸಿಯಾ' ಪತ್ರದಲ್ಲಿ ಸಾಮಾಜಿಕ ಪಾಪವನ್ನು ಕುರಿತು ಒಂದು ಖಚಿತ ವಿವೇಚನೆ ಮಾಡಿದರು. ಅನ್ಯಾಯದ ರಚನೆಗಳು ವಾಸ್ತವವೇ. ಆದರೆ ಅವು ಅನೇಕ ವೈಯಕ್ತಿಕ ಪಾಪಗಳು ಕೂಡಿ ಗಟ್ಟಿಯಾದವು. ವ್ಯವಸ್ಥೆಗೆ ಪಶ್ಚಾತ್ತಾಪ ಪಡಲು ಬಾರದು; ಮನುಷ್ಯನಿಗೆ ಮಾತ್ರ ಬರುತ್ತದೆ. ಅನ್ಯಾಯವನ್ನು ಮಾಡಿದವರಷ್ಟೇ ಅಲ್ಲ, ತಡೆಯಬಹುದಾಗಿದ್ದರೂ ಸುಮ್ಮನಿದ್ದವರೂ ಅದರಲ್ಲಿ ಪಾಲುದಾರರು. 1987ರ ಸಾಮಾಜಿಕ ವಿಶ್ವಪತ್ರದಲ್ಲಿ ಇದೇ ವಿಚಾರ ಮುಂದುವರಿದು, ಐಕಮತ್ಯವೆಂದರೆ ದೂರದವರ ದುಃಖಕ್ಕೆ ಮರುಗುವ ಮೃದು ಭಾವನೆಯಲ್ಲ, ಎಲ್ಲರ ಹಿತಕ್ಕೆ ತನ್ನನ್ನು ತೆತ್ತುಕೊಳ್ಳುವ ದೃಢ ಸಂಕಲ್ಪ ಎಂಬ ನಿರೂಪಣೆ ಪಡೆಯಿತು.

ಈ ಬೋಧನೆಯನ್ನು ಎರಡು ರೀತಿಯಲ್ಲಿ ವಿಕೃತಗೊಳಿಸಬಹುದು. ಬಲವಂತದ ಹಳ್ಳಿಗಳು ಒಂದು ರೀತಿ. ಇನ್ನೊಂದು ರೀತಿ ಅದರ ತೀರ ವಿರುದ್ಧ ದಿಕ್ಕಿನಿಂದ ಬಂದಿತು. 1985ರಲ್ಲಿ ನ್ಯೆರೆರೆ ಅಧಿಕಾರದಿಂದ ತಾವಾಗಿಯೇ ಕೆಳಗಿಳಿದರು. ಮರುವರ್ಷ ದೇಶವು ಅಂತರರಾಷ್ಟ್ರೀಯ ಹಣಕಾಸು ನಿಧಿಯೊಡನೆ ಒಪ್ಪಂದ ಮಾಡಿಕೊಂಡಿತು. ಶಾಲೆ, ಆಸ್ಪತ್ರೆಗಳಿಗೆ ಶುಲ್ಕ ಬಂದಿತು. 1991ರಲ್ಲಿ ಜಾಂಜಿಬಾರಿನಲ್ಲಿ ಸೇರಿದ ಪಕ್ಷವು ನಾಯಕ ಸಂಹಿತೆಯನ್ನೇ ಸಡಿಲಿಸಿಬಿಟ್ಟಿತು. ಅಂದರೆ ಬಡವನಿಗೆ ನಿನ್ನ ಹೊಣೆ ನೀನೇ ನೋಡಿಕೋ ಎನ್ನುತ್ತಿದ್ದ ಕಾಲದಲ್ಲಿಯೇ ನಾಯಕನಿಗೆ ಅವನ ಹೊಣೆಯಿಂದ ಬಿಡುಗಡೆ ಸಿಕ್ಕಿತು. ಭಾರವಾದ ಹೊರೆಗಳನ್ನು ಕಟ್ಟಿ ಜನರ ಹೆಗಲ ಮೇಲೆ ಹೊರಿಸಿ, ತಾವು ಬೆರಳಿನಿಂದಲೂ ಮುಟ್ಟದವರನ್ನು ಕುರಿತು ಸಂತ ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಆಡಿದ ಮಾತು ಎರಡೂ ವಿಕೃತಿಗಳಿಗೆ ಅನ್ವಯಿಸುತ್ತದೆ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಹೊಣೆಯನ್ನು ಹೊರಬಹುದು, ಹಂಚಿಕೊಳ್ಳಬಹುದು, ಅದಕ್ಕೆ ಕರೆಯಬಹುದು, ಹೊರಿಸಲಾಗದು. ಕರೆಯುವವನು ತಾನು ಮೊದಲು ಹೊತ್ತಿರಬೇಕು. ಕರೆ ಕೇಳಿದವನಿಗೆ ತನ್ನದೇ ರೀತಿಯಲ್ಲಿ ಓಗೊಡುವ ಅವಕಾಶ ಇರಬೇಕು. ಮೊದಲ ನಿಯಮವನ್ನು ಅರುಷಾ ಘೋಷಣೆ ಪಾಲಿಸಿತು, ಎರಡನೆಯದನ್ನು ಅದರ ಪಕ್ಷ ಮುರಿಯಿತು. ಪಯಸ್ ಪೋಪರು 1931ರಲ್ಲಿಯೇ ಹೇಳಿದ್ದ ತತ್ತ್ವ, ಅಂದರೆ ಚಿಕ್ಕ ಸಮುದಾಯ ತಾನೇ ಮಾಡಬಲ್ಲದ್ದನ್ನು ದೊಡ್ಡದು ಕಸಿದುಕೊಳ್ಳಬಾರದೆಂಬುದು, ರುವುಮಾದ ರೈತರಿಗೆ ಸಲ್ಲಬೇಕಾಗಿದ್ದ ನ್ಯಾಯವೇ ಆಗಿತ್ತು.

1977ರಲ್ಲಿ, ಘೋಷಣೆಯ ಹತ್ತು ವರ್ಷಗಳನ್ನು ಪರಾಮರ್ಶಿಸಿ ಬರೆದ ಪುಸ್ತಿಕೆಯಲ್ಲಿ, ದೇಶವು ಸಮಾಜವಾದಿಯೂ ಆಗಿಲ್ಲ, ಸ್ವಾವಲಂಬಿಯೂ ಆಗಿಲ್ಲವೆಂದು ನ್ಯೆರೆರೆ ನೇರವಾಗಿ ಒಪ್ಪಿಕೊಂಡರು. ಆಳುವವರಲ್ಲಿ ಇಂಥ ಆತ್ಮಶೋಧನೆ ಅಪರೂಪ. 2005ರಲ್ಲಿ ಮುಸೋಮಾ ಧರ್ಮಪ್ರಾಂತ್ಯವು ಅವರನ್ನು ಪುನೀತರೆಂದು ಘೋಷಿಸುವ ಪ್ರಕ್ರಿಯೆ ಆರಂಭಿಸಿತು. ಅವರು ಈಗ 'ದೇವರ ಸೇವಕ'. ಆ ಪ್ರಕ್ರಿಯೆಯ ತೀರ್ಮಾನ ಧರ್ಮಸಭೆಗೆ ಸೇರಿದ್ದು. ವಿಮರ್ಶಕರಾದ ನಮ್ಮ ಕರ್ತವ್ಯ ಇಷ್ಟೇ: ಅವರ ಕಡಿತಗೊಂಡ ಸಂಬಳವನ್ನು ನೆನೆಯುವಾಗ ರುವುಮಾವನ್ನು ಮರೆಯದಿರುವುದು, ರುವುಮಾವನ್ನು ನೆನೆಯುವಾಗ ಆ ಸಂಬಳವನ್ನು ಮರೆಯದಿರುವುದು.

5. ಕುರಿಬಾಗಿಲಿನ ಬಳಿ

1970ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿನೋಲ್ ಧರ್ಮಭಗಿನಿಯರನ್ನು ಉದ್ದೇಶಿಸಿ ಮಾತನಾಡುತ್ತ ನ್ಯೆರೆರೆ ಧರ್ಮಸಭೆಗೂ ಒಂದು ಸವಾಲು ಹಾಕಿದ್ದರು. ಜನರನ್ನು ದಾರಿದ್ರ್ಯದಲ್ಲಿಡುವ ವ್ಯವಸ್ಥೆಗಳ ವಿರುದ್ಧ ಏಳುವವರ ಜೊತೆ ಧರ್ಮಸಭೆ ನಿಲ್ಲದಿದ್ದರೆ, ಅದು ಅನ್ಯಾಯದ ಜೊತೆಗೇ ಗುರುತಿಸಲ್ಪಡುತ್ತದೆ ಎಂಬುದು ಅದರ ಸಾರ. ದಾನಧರ್ಮ ಸಾಲದು, ಜನರೊಡನೆ ದುಡಿಯಬೇಕು ಎಂಬುದು ಅವರ ಬೇಡಿಕೆ.

ಪೂರ್ವ ಆಫ್ರಿಕಾದ ಧರ್ಮಸಭೆ ಆ ದಶಕದಲ್ಲಿಯೇ ಒಂದು ಉತ್ತರವನ್ನು ಕಂಡುಕೊಂಡಿತು. ಅಲ್ಲಿನ ಧರ್ಮಾಧ್ಯಕ್ಷರು 1976ರ ನೈರೋಬಿ ಸಮಾವೇಶದಲ್ಲಿ ಕಿರು ಕ್ರೈಸ್ತ ಸಮುದಾಯಗಳನ್ನು ತಮ್ಮ ಪಾಲನಾ ಸೇವೆಯ ಆದ್ಯತೆಯಾಗಿ ಮಾಡಿಕೊಂಡರು. ಅಕ್ಕಪಕ್ಕದ ಕೆಲವು ಮನೆಗಳವರು ಸೇರಿ ಶುಭಸಂದೇಶವನ್ನು ಓದಿ, ತಮ್ಮ ಓಣಿಯ ರೋಗಿ, ವಿಧವೆ, ಕೆಟ್ಟ ಬಾವಿ, ಶಾಲೆ ಬಿಟ್ಟ ಮಗು ಇವರ ಬಗ್ಗೆ ತಾವೇ ಏನು ಮಾಡಬಹುದೆಂದು ನಿಶ್ಚಯಿಸುವ ವ್ಯವಸ್ಥೆ ಅದು. ಇಡೀ ಖಂಡದ ಹೊಣೆಯನ್ನು ಯಾವ ಒಬ್ಬನೂ ಹೊರಲಾರ; ಆದರೆ ನೆಹೆಮೀಯನ ಮೂರನೆಯ ಅಧ್ಯಾಯದಲ್ಲಿ ಗೋಡೆ ಎದ್ದದ್ದು ಹೀಗೆಯೇ ಅಲ್ಲವೆ? ಅನೇಕರು ತಂತಮ್ಮ ಮನೆಯೆದುರಿನ ಭಾಗವನ್ನು ಕಟ್ಟಿದರು, ಪಕ್ಕದವನು ಅದಕ್ಕೆ ಹೊಂದಿಸಿ ತನ್ನದನ್ನು ಕಟ್ಟಿದನು.

ನಮ್ಮ ಧರ್ಮಪ್ರಾಂತ್ಯಗಳಲ್ಲಿಯೂ ಕಿರು ಕ್ರೈಸ್ತ ಸಮುದಾಯಗಳಿವೆ. ನಮ್ಮ ನಾಡಿನ ಯಾಜಕರೂ ಧರ್ಮಭಗಿನಿಯರೂ ಆಫ್ರಿಕಾದ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಎರಡೂ ಕಡೆ ರುವುಮಾದ ಎಚ್ಚರಿಕೆ ಅನ್ವಯಿಸುತ್ತದೆ. ವಿಚಾರಣಾ ಗುರುಗಳು ಪೀಠದಿಂದ ಪಟ್ಟಿ ಓದಿ ರಚಿಸಿದ ಸಮುದಾಯ, ಗುರುಗಳ ಒಪ್ಪಿಗೆಯಿಲ್ಲದೆ ಏನನ್ನೂ ನಿಶ್ಚಯಿಸಲಾಗದ ಸಮುದಾಯ, ಆಜ್ಞೆಯಿಂದ ಎದ್ದ ಹಳ್ಳಿಯಂತೆಯೇ. ಹೊರಗಿನ ಹಣದಿಂದ ಕಟ್ಟಿಸಿ ಗೋಡೆಯ ಮೇಲೆ ದಾನಿಯ ಹೆಸರು ಕೆತ್ತಿಸಿದ ಯೋಜನೆ ದಾನಿಗೆ ತೃಪ್ತಿ ಕೊಡಬಹುದು. ಊರವರಿಗೆ ಅದು ಅವರ ಗೋಡೆಯಾಗುವುದಿಲ್ಲ. ಇನ್ನು ಜನರಿಗೆ ಮಿತವ್ಯಯವನ್ನು ಬೋಧಿಸುವ ಯಾಜಕನ ಸ್ವಂತ ಲೆಕ್ಕಪುಸ್ತಕ ಎಲ್ಲರೂ ನೋಡುವಂತಿದೆಯೆ, ಧರ್ಮೋಪದೇಶಕನಿಗೆ ಸಲ್ಲಬೇಕಾದ ಸಂಭಾವನೆ ಸಲ್ಲುತ್ತಿದೆಯೆ ಎಂಬ ಪ್ರಶ್ನೆಗಳು ಅರುಷಾದ ನಾಯಕ ಸಂಹಿತೆಯಿಂದ ನೇರವಾಗಿ ನಮ್ಮ ಮೇಜಿನ ಮೇಲೆ ಬಂದು ಬೀಳುತ್ತವೆ. ಯಾಜಕ ದೀಕ್ಷೆಗೆ ಸಿದ್ಧರಾಗುತ್ತಿರುವವರು ಇವನ್ನು ಈಗಲೇ ಕೇಳಿಕೊಳ್ಳುವುದು ಒಳಿತು.

2011ರ ನವೆಂಬರಿನಲ್ಲಿ ಬೆನಿನ್ ದೇಶದ ಉಯಿದಾದಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಸಹಿ ಹಾಕಿದ 'ಆಫ್ರಿಕೇ ಮುನುಸ್' ಪತ್ರವು ಆಫ್ರಿಕಾವನ್ನು ಬೆತ್ಸಥಾ ಕೊಳದ ಬಳಿ ಮಲಗಿದ್ದ ರೋಗಿಯ ಕಥನದ ಬೆಳಕಿನಲ್ಲಿ ನೋಡುತ್ತದೆ. 38 ವರ್ಷ ಕಾದಿದ್ದ ಆತನ ದೂರು, ತನ್ನನ್ನು ನೀರಿಗಿಳಿಸಲು ಯಾರೂ ಇಲ್ಲವೆಂದು. ದೂರು ಸುಳ್ಳಲ್ಲ. ಯೇಸುಸ್ವಾಮಿ ಆತನನ್ನು ಗದರಿಸುವುದಿಲ್ಲ, ಹೊತ್ತುಕೊಂಡು ನೀರಿಗಿಳಿಸುವುದೂ ಇಲ್ಲ. ಗುಣವಾಗಲು ಮನಸ್ಸಿದೆಯೆ ಎಂದು ಮೊದಲು ಕೇಳುತ್ತಾರೆ. ಅನಂತರ ಎದ್ದು ಹಾಸಿಗೆ ಹೊತ್ತು ನಡೆ ಎನ್ನುತ್ತಾರೆ. ಮೊದಲು ಪ್ರಶ್ನೆ, ಆಮೇಲೆ ಆಜ್ಞೆ. ಆಜ್ಞೆಯ ಜೊತೆಗೇ ಅದನ್ನು ಪಾಲಿಸುವ ಶಕ್ತಿ. ಕೃಪೆ ಮನುಷ್ಯನ ಹೊಣೆಯನ್ನು ಕಸಿದುಕೊಳ್ಳುವುದಿಲ್ಲ, ಅದನ್ನು ಹೊರಬಲ್ಲ ಕಾಲುಗಳನ್ನು ಕೊಡುತ್ತದೆ.

ಆ ಕೊಳ ಇದ್ದದ್ದು ಕುರಿಬಾಗಿಲಿನ ಸಮೀಪ ಎನ್ನುತ್ತಾನೆ ಸಂತ ಯೊವಾನ್ನ. ನೆಹೆಮೀಯನ ಕಾಲದಲ್ಲಿ ಗೋಡೆಯ ಕೆಲಸ ಆರಂಭವಾದದ್ದು ಅದೇ ಕುರಿಬಾಗಿಲಿನಿಂದ. ಅದನ್ನು ಕಟ್ಟಿದವರು ಮಹಾಯಾಜಕ ಎಲ್ಯಾಷೀಬನೂ ಆತನ ಸಹೋದರ ಯಾಜಕರೂ. ಅದೇ ಅಧ್ಯಾಯದಲ್ಲಿ ತೆಕೋವ ಊರಿನ ಶ್ರೀಮಂತರು ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂಬ ಉಲ್ಲೇಖವೂ ಇದೆ. ಅದೇ ಊರಿನ ಸಾಮಾನ್ಯ ಜನ ತಮ್ಮ ಪಾಲನ್ನು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರೆಂಬ ಉಲ್ಲೇಖವೂ ಇದೆ. ಹೆಸರುಗಳ ಆ ಉದ್ದ ಪಟ್ಟಿಯನ್ನು ನಾವು ಸಾಮಾನ್ಯವಾಗಿ ದಾಟಿ ಓದುತ್ತೇವೆ. ಯಾರು ಎಷ್ಟು ಕಟ್ಟಿದರು, ಯಾರು ಹೆಗಲು ಕೊಡಲಿಲ್ಲ ಎಂಬುದನ್ನು ಪವಿತ್ರ ಗ್ರಂಥ ಮಾತ್ರ ಒಬ್ಬೊಬ್ಬರ ಹೆಸರಿನಲ್ಲಿ ಬರೆದಿಟ್ಟುಕೊಂಡಿದೆ.